ಹಾಲುಹಲ್ಲು ಕಾದಿಡುವ ಜಾಗ: ಮಕ್ಕಳ ಹಲ್ಲುಸಾಲು ಬೆಳೆಯುವ ಬಗೆ

ಏಳು ವರ್ಷದ ಮಗುವಿಗೆ ಮುಂದಿನ ಹಲ್ಲು ಸೊಟ್ಟಗೆ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಅದೇ ಮಗುವಿನ ಹಿಂದಿನ ಹಾಲುಹಲ್ಲಿನಲ್ಲಿ ಕಪ್ಪು ತೂತು ಕಂಡರೆ "ಹೇಗೂ ಬಿದ್ದುಹೋಗೋ ಹಲ್ಲು, ಬಿಡಿ" ಅನ್ನುವವರೇ ಹೆಚ್ಚು. ದಂತವೈದ್ಯರ ಚಿಂತೆ ಬಹಳ ಸಲ ಇದಕ್ಕೆ ತದ್ವಿರುದ್ಧ. ಸೊಟ್ಟಗೆ ಬಂದ ಮುಂದಿನ ಹಲ್ಲು ಎಷ್ಟೋ ವೇಳೆ ತಾನಾಗಿ ಸರಿಹೋಗುತ್ತದೆ. ಹುಳುಕು ಹಿಡಿದ ಹಿಂದಿನ ಹಾಲುಹಲ್ಲು ನಾಲ್ಕೈದು ವರ್ಷ ಮೊದಲೇ ಹೋಗಿಬಿಟ್ಟರೆ ಮಾತ್ರ ಅಲ್ಲಿಗೆ ಬರಬೇಕಾದ ಶಾಶ್ವತ ಹಲ್ಲಿಗೆ ನೆಲೆಯೇ ಇಲ್ಲದಂತಾಗುತ್ತದೆ. ಹೀಗೇಕೆ ಎಂದು ತಿಳಿಯಲು ಹುಟ್ಟಿನಿಂದ ಹದಿಹರೆಯದವರೆಗೆ ಮಗುವಿನ ಬಾಯಲ್ಲಿ ನಡೆಯುವ ಜಾಗದ ಲೆಕ್ಕ ಗೊತ್ತಿರಬೇಕು. ಅದು ಮಿಲಿಮೀಟರುಗಳ ಲೆಕ್ಕ.

## ಒಸಡಿನೊಳಗಿನ ಸಿದ್ಧತೆ

ಗರ್ಭದ ಆರನೇ ವಾರದ ಸುಮಾರಿಗೇ ಹಾಲುಹಲ್ಲುಗಳ ಮೊಗ್ಗು ಮೂಡಲು ಶುರುವಾಗುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಆ ಮೊಗ್ಗುಗಳಲ್ಲಿ ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾಗತೊಡಗುತ್ತವೆ. ಹುಟ್ಟಿದ ಮಗುವಿನ ಬಾಯಿ ಬೋಳಾಗಿ ಕಂಡರೂ ಒಸಡಿನೊಳಗೆ 20 ಹಾಲುಹಲ್ಲುಗಳೂ ಅರ್ಧಂಬರ್ಧ ರೂಪುಗೊಂಡಿರುತ್ತವೆ. ಆರನೇ ವರ್ಷಕ್ಕೆ ಬರಬೇಕಾದ ಶಾಶ್ವತ ದವಡೆಹಲ್ಲು ಗಟ್ಟಿಯಾಗಲು ತೊಡಗುವುದೂ ಹುಟ್ಟಿನ ಆಸುಪಾಸಿನಲ್ಲೇ. ನಡುವಿನ ಶಾಶ್ವತ ಬಾಚಿಹಲ್ಲುಗಳು ಮಗುವಿಗೆ ಮೂರು ನಾಲ್ಕು ತಿಂಗಳಾದಾಗ ಕಟ್ಟಿಕೊಳ್ಳಲು ಶುರುವಾಗಿ, ಅವುಗಳ ಹೊರಗೆ ಕಾಣುವ ಭಾಗ ಪೂರ್ತಿಯಾಗುವುದು ನಾಲ್ಕೈದನೇ ವರ್ಷದಲ್ಲಿ.

ಎಳೆಯ ಮಗುವಿನ ಬಾಯಿಗೆ ಬಿದ್ದ ಪೆಟ್ಟನ್ನು ವೈದ್ಯರು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕೇ. ಎರಡು ವರ್ಷದ ಮಗು ಮುಗ್ಗರಿಸಿ ಬಿದ್ದು ಮೇಲಿನ ಹಾಲುಬಾಚಿಹಲ್ಲು ಒಸಡಿನೊಳಕ್ಕೆ ಹೂತುಕೊಂಡರೆ, ಅದರ ಬೇರಿನ ಬೆನ್ನಿಗೇ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿಗೂ ಏಟು ತಗಲಬಹುದು. ಐದು ವರ್ಷ ಕಳೆದು ಆ ಹಲ್ಲು ಹೊರಬಂದಾಗ ಅದರ ಮೇಲೆ ಬಿಳಿ ಅಥವಾ ಕಂದು ಮಚ್ಚೆ ಕಾಣುತ್ತದೆ. ಕಿತ್ತು ಬಂದ ಹಾಲುಹಲ್ಲನ್ನು ಮತ್ತೆ ಗುಳಿಯೊಳಗೆ ಕೂರಿಸಬಾರದು ಅನ್ನುವುದಕ್ಕೂ ಇದೇ ಕಾರಣ. ಕಿತ್ತು ಬಂದದ್ದು ಶಾಶ್ವತ ಹಲ್ಲಾದರೆ ಲೆಕ್ಕ ಬೇರೆ: ಬೇರನ್ನು ಮುಟ್ಟದೆ, ಉಜ್ಜದೆ, ಮೇಲ್ಭಾಗವನ್ನು ಹಿಡಿದು ತಕ್ಷಣ ಗುಳಿಗೆ ಕೂರಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ವೈದ್ಯರ ಹತ್ತಿರ ಓಡಬೇಕು.

ಪೇಸ್ಟ್ ನುಂಗುವ ವಿಷಯವೂ ಈ ಕಾಲಕ್ಕೇ ಸೇರಿದ್ದು. ಶಾಶ್ವತ ಹಲ್ಲಿನ ಎನಾಮಲ್, ಅಂದರೆ ಗಟ್ಟಿಯಾದ ಹೊರಪದರ, ಕಟ್ಟುತ್ತಿರುವಾಗ ಫ್ಲೋರೈಡ್ ಅತಿಯಾಗಿ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಬಿಳಿ ಗೀರು ಮೂಡುತ್ತದೆ. ಹಾಗೆಂದು ಫ್ಲೋರೈಡ್ ಬಿಟ್ಟರೆ ಹುಳುಕು ಹಿಡಿಯುತ್ತದೆ. ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು ಪೇಸ್ಟ್ ಸಾಕು. ಬ್ರಷ್ಷಿನ ಉದ್ದಕ್ಕೂ ಬಳಿಯುವುದು ಜಾಹೀರಾತಿಗಷ್ಟೇ ಚೆಂದ.

## ವಯಸ್ಸಿಗಿಂತ ಕ್ರಮ ಮುಖ್ಯ

ಮೊದಲು ಕಾಣಿಸಿಕೊಳ್ಳುವುದು ಕೆಳಗಿನ ನಡುವಿನ ಎರಡು ಬಾಚಿಹಲ್ಲು, 6ರಿಂದ 10 ತಿಂಗಳ ನಡುವೆ. ಮೇಲಿನ ನಾಲ್ಕು ಬಾಚಿಹಲ್ಲು 8ರಿಂದ 13 ತಿಂಗಳಲ್ಲಿ, ಕೆಳಗಿನ ಪಕ್ಕದವೆರಡು 10ರಿಂದ 16 ತಿಂಗಳಲ್ಲಿ ಬರುತ್ತವೆ. ಆಮೇಲೆ ಕೋರೆಹಲ್ಲಿನ ಜಾಗ ಖಾಲಿ ಬಿಟ್ಟು ಮೊದಲ ಹಾಲುದವಡೆಹಲ್ಲು (13–19 ತಿಂಗಳು), ಆ ಖಾಲಿಗೆ ಕೋರೆಹಲ್ಲು (16–23), ಕೊನೆಗೆ ಎರಡನೇ ಹಾಲುದವಡೆಹಲ್ಲು (23–33). ಮೂರನೇ ಹುಟ್ಟುಹಬ್ಬದ ಹೊತ್ತಿಗೆ ಇಪ್ಪತ್ತೂ ಮುಗಿದಿರುತ್ತವೆ.

ಶಾಶ್ವತ ಹಲ್ಲು ಎರಡು ಕಂತಿನಲ್ಲಿ ಬರುತ್ತದೆ. ಆರರಿಂದ ಒಂಬತ್ತರೊಳಗೆ ನಾಲ್ಕು ದವಡೆಹಲ್ಲು, ಎಂಟು ಬಾಚಿಹಲ್ಲು. ಆಮೇಲೆ ಸ್ವಲ್ಪ ಕಾಲ ಹೊರಗೆ ಏನೂ ನಡೆಯದಂತೆ ಕಾಣುತ್ತದೆ. ಮತ್ತೆ ಹತ್ತರ ಆಸುಪಾಸಿನಿಂದ ಹನ್ನೆರಡು ಹದಿಮೂರರವರೆಗೆ ಕೋರೆಹಲ್ಲು, ಹಾಲುದವಡೆಹಲ್ಲಿನ ಜಾಗಕ್ಕೆ ಬರುವ ಕಿರುದವಡೆಹಲ್ಲು, ಎರಡನೇ ದವಡೆಹಲ್ಲುಗಳ ಸರದಿ. ಬುದ್ಧಿಹಲ್ಲು ಹದಿನೇಳರ ಮೇಲೆ. ಕೆಲವರಿಗೆ ಬರುವುದೇ ಇಲ್ಲ.

ಈ ವಯಸ್ಸುಗಳಲ್ಲಿ ಆರು ತಿಂಗಳು ಹಿಂದುಮುಂದಾದರೆ ಯಾವ ವೈದ್ಯರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವರು ಹುಡುಕುವುದು ಎಡಬಲದ ವ್ಯತ್ಯಾಸ, ಕ್ರಮದಲ್ಲಿ ಏರುಪೇರು. ಬಲಗಡೆಯ ಮೇಲಿನ ನಡುಹಲ್ಲು ಬಂದು ಆರು ತಿಂಗಳು ದಾಟಿದರೂ ಎಡಗಡೆಯದು ಕಾಣದಿದ್ದರೆ, ಅಥವಾ ನಡುವಿನದಕ್ಕೆ ಮೊದಲೇ ಪಕ್ಕದ ಹಲ್ಲು ಬಂದರೆ, ಎಕ್ಸ್-ರೇ ತೆಗೆಯಲೇಬೇಕು. ಒಳಗೆ ಹೆಚ್ಚುವರಿ ಹಲ್ಲೊಂದು ದಾರಿಗೆ ಅಡ್ಡ ಕೂತಿರಬಹುದು. ಇದು ಮೇಲಿನ ಮುಂದವಡೆಯ ನಡುವೆ, ಮೊಳೆಯಂತೆ ಚೂಪಾಗಿ, ಆಗಾಗ ಸಿಗುವಂಥದ್ದು. ಹದಿನೆಂಟು ತಿಂಗಳಾದರೂ ಒಂದೂ ಹಲ್ಲು ಬರದಿದ್ದರೆ ತೋರಿಸಬೇಕು. ಪೆಟ್ಟು ಬೀಳದೆಯೇ ನಾಲ್ಕು ವರ್ಷಕ್ಕೆ ಮೊದಲು ಹಾಲುಹಲ್ಲು ಅಲುಗಾಡಿ ಬಿದ್ದರೆ ಇನ್ನೂ ಬೇಗ ತೋರಿಸಬೇಕು. ಅದು ದೇಹದ ಬೇರೆ ಕಾಯಿಲೆಯ ಸೂಚನೆ ಇದ್ದೀತು.

## ಸಂದಿ ಇರುವ ಹಾಲುಹಲ್ಲೇ ಲೇಸು

ನಾಲ್ಕು ವರ್ಷದ ಮಗುವಿನ ಹಲ್ಲು ಮುತ್ತು ಪೋಣಿಸಿದಂತೆ ಸಂದಿಯಿಲ್ಲದೆ ಕೂತಿದ್ದರೆ ನೋಡಿದವರು ಮೆಚ್ಚುತ್ತಾರೆ. ದಂತವೈದ್ಯರು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಾರೆ: ಮುಂದೆ ಇಕ್ಕಟ್ಟಾಗಲಿದೆ.

ಕಾರಣ ಅಳತೆಯಲ್ಲಿದೆ. ಮೇಲಿನ ನಾಲ್ಕು ಶಾಶ್ವತ ಬಾಚಿಹಲ್ಲುಗಳ ಒಟ್ಟು ಅಗಲ, ಅವು ಬದಲಿಸುವ ನಾಲ್ಕು ಹಾಲುಹಲ್ಲುಗಳ ಅಗಲಕ್ಕಿಂತ ಸರಾಸರಿ 7 ಮಿ.ಮೀ.ಗೂ ಹೆಚ್ಚು. ಕೆಳಗೆ ಈ ವ್ಯತ್ಯಾಸ 5ರಿಂದ 6 ಮಿ.ಮೀ. ಈ ಕೊರತೆ ಮೂರು ಕಡೆಯಿಂದ ತುಂಬಬೇಕು. ಒಂದು, ಹಾಲುಹಲ್ಲುಗಳ ನಡುವೆ ಮೊದಲೇ ಇದ್ದ ಸಂದಿ. ಇದರಲ್ಲಿ ಮುಖ್ಯವಾದ ಎರಡು ಸಂದಿಗಳಿಗೆ ಗೊತ್ತಾದ ಜಾಗವುಂಟು: ಮೇಲೆ ಕೋರೆಹಲ್ಲಿನ ಮುಂದೆ, ಕೆಳಗೆ ಕೋರೆಹಲ್ಲಿನ ಹಿಂದೆ. ಎರಡು, ಬಾಚಿಹಲ್ಲು ಬರುವ ಹೊತ್ತಿಗೆ ಎಡಬಲದ ಕೋರೆಹಲ್ಲುಗಳ ನಡುವಿನ ಅಂತರ ಸ್ವಲ್ಪ ಹಿಗ್ಗುವುದು. ಮೂರು, ಶಾಶ್ವತ ಹಲ್ಲು ಹಾಲುಹಲ್ಲಿಗಿಂತ ತುಸು ಮುಂದಕ್ಕೆ ವಾಲಿ ಬರುವುದರಿಂದ ಹಲ್ಲುಸಾಲಿನ ಕಮಾನು ದೊಡ್ಡದಾಗುವುದು.

ಇಷ್ಟಾದರೂ ಎಂಟು ಒಂಬತ್ತನೇ ವಯಸ್ಸಿನಲ್ಲಿ ಕೆಳಗಿನ ಬಾಚಿಹಲ್ಲಿಗೆ 2 ಮಿ.ಮೀ.ವರೆಗೆ ಜಾಗ ಸಾಲದಿರುವುದು ಸಹಜ. ಹಲ್ಲು ಸ್ವಲ್ಪ ತಿರುಚಿಕೊಂಡಿರುತ್ತದೆ. ಆ ಹಂತದಲ್ಲಿ ಅದಕ್ಕೆ ಕ್ಲಿಪ್ ಬೇಡ. ಕೊರತೆ ನಾಲ್ಕೈದು ಮಿ.ಮೀ. ಆದರೆ ಮಾತ್ರ ಅದು ತಾನಾಗಿ ಸರಿಹೋಗುವುದಿಲ್ಲ.

ಹಿಂದಿನ ಭಾಗದ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿ ಹಾಲುದವಡೆಹಲ್ಲೇ ಅಗಲ, ಅದರ ಜಾಗಕ್ಕೆ ಬರುವ ಕಿರುದವಡೆಹಲ್ಲು ಸಣ್ಣದು. ಕೆಳಗೆ ಪ್ರತಿ ಪಕ್ಕಕ್ಕೆ ಸುಮಾರು 1.7 ಮಿ.ಮೀ., ಮೇಲೆ ಸುಮಾರು 0.9 ಮಿ.ಮೀ. ಉಳಿತಾಯ. ಈ ಉಳಿಕೆಯನ್ನು ಲೀವೇ ಸ್ಪೇಸ್ ಅನ್ನುತ್ತಾರೆ. ಮಗುವಿನ ಹಲ್ಲುಸಾಲಿನ ಉಳಿತಾಯ ಖಾತೆಯೆಲ್ಲ ಇಷ್ಟೇ, ಮತ್ತು ಅದು ಇರುವುದು ಹುಳುಕು ಬೇಗ ಹಿಡಿಯುವ ಅದೇ ಹಾಲುದವಡೆಹಲ್ಲಿನಲ್ಲಿ.

## ಸದ್ದಿಲ್ಲದೆ ಬರುವ ಆರನೇ ವರ್ಷದ ಹಲ್ಲು

ಆರು ಏಳರ ನಡುವೆ, ಯಾವ ಹಾಲುಹಲ್ಲನ್ನೂ ಬೀಳಿಸದೆ, ಸಾಲಿನ ತುತ್ತತುದಿಯಲ್ಲಿ ನಾಲ್ಕು ಶಾಶ್ವತ ದವಡೆಹಲ್ಲು ಬರುತ್ತವೆ. ಏನೂ ಬೀಳದ ಕಾರಣ ಇದನ್ನೂ ಹಾಲುಹಲ್ಲೆಂದೇ ತಿಳಿದು ಸುಮ್ಮನಿರುವ ಮನೆಗಳು ಬಹಳ. ಗುರುತು ಸುಲಭ: ಮುಂದಿನ ನಡುಗೆರೆಯಿಂದ ಎಣಿಸಿದರೆ ಇದು ಆರನೆಯದು. ವೈದ್ಯರ ಚೀಟಿಯಲ್ಲಿ 16, 26, 36, 46 ಎಂದಿದ್ದರೆ ಈ ನಾಲ್ಕರ ಮಾತು. ಮೊದಲ ಅಂಕಿ ಬಾಯಿಯ ಯಾವ ಮೂಲೆ ಎಂಬುದನ್ನೂ ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂಬುದನ್ನೂ ಹೇಳುತ್ತದೆ. ಮೊದಲ ಅಂಕಿ 5ರಿಂದ 8ರೊಳಗಿದ್ದರೆ ಅದು ಹಾಲುಹಲ್ಲು.

ಹೊಸ ಎನಾಮಲ್ ಪೂರ್ತಿ ಗಟ್ಟಿಯಾಗಲು ಬಾಯಿಗೆ ಬಂದ ಮೇಲೂ ಒಂದೆರಡು ವರ್ಷ ಬೇಕು. ಅರ್ಧ ಹೊರಬಂದ ಹಲ್ಲಿನ ಹಿಂಭಾಗದ ಮೇಲೆ ಒಸಡಿನ ತುಂಡು ಮುಚ್ಚಿಕೊಂಡಿರುತ್ತದೆ. ಪಕ್ಕದ ಹಲ್ಲಿಗಿಂತ ಮಟ್ಟ ಕೆಳಗಿರುವುದರಿಂದ ಉದ್ದುದ್ದಕ್ಕೆ ಉಜ್ಜುವ ಬ್ರಷ್ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಡ್ಡ ಹಿಡಿದು ಆ ಒಂದೇ ಹಲ್ಲನ್ನು ಉಜ್ಜಬೇಕು. ಹಲ್ಲು ಪೂರ್ತಿ ಬಂದ ಮೇಲೆ ಅದರ ಆಳದ ಗೀರುಗಳನ್ನು ಸೀಲೆಂಟ್ ಹಚ್ಚಿ ಮುಚ್ಚಿಸುವುದು ಒಳ್ಳೆಯ ಮುನ್ನೆಚ್ಚರಿಕೆ. ಎಂಜಲು ತಾಗಿದರೆ ಸೀಲೆಂಟ್ ಹಿಡಿಯದು, ಹಾಗಾಗಿ ಹಲ್ಲು ಒಣಗಿಸಿಡಲು ಸಾಧ್ಯವಾಗುವಷ್ಟು ಹೊರಬರುವವರೆಗೆ ವೈದ್ಯರು ಕಾಯುತ್ತಾರೆ.

ಮೇಲಿನ ಮತ್ತು ಕೆಳಗಿನ ಆರನೇ ಹಲ್ಲು ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದರ ಮೇಲೆ ಇಡೀ ಬೈಟ್ ನಿಂತಿದೆ. ಬೈಟ್ ಅಂದರೆ ಬಾಯಿ ಮುಚ್ಚಿದಾಗ ಎರಡು ಸಾಲುಗಳು ಸೇರುವ ರೀತಿ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಈ ಹಲ್ಲುಗಳನ್ನೇ ಆಧಾರವಾಗಿಟ್ಟು ಮಾಡಿದ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಮೇಲಿನ ಹಲ್ಲಿನ ಮುಂದಿನ ತುದಿ ಕೆಳಗಿನ ಹಲ್ಲಿನ ಹೊರಗೆರೆಯೊಳಗೆ ಕೂತರೆ ಕ್ಲಾಸ್ 1, ಅದೇ ಸರಿಯಾದ ಕೂಡಿಕೆ. ಕೆಳಗಿನದು ಹಿಂದೆ ಸರಿದಿದ್ದರೆ ಕ್ಲಾಸ್ 2, ಮುಂದೆ ಬಂದಿದ್ದರೆ ಕ್ಲಾಸ್ 3. ಆರು ಏಳು ವರ್ಷದಲ್ಲಿ ಎಷ್ಟೋ ಮಕ್ಕಳಿಗೆ ಎರಡೂ ತುದಿಗೆ ತುದಿ ತಾಗಿಕೊಂಡಿರುತ್ತವೆ. ಅದು ದೋಷ ಅನ್ನಿಸಿಕೊಳ್ಳುವುದಿಲ್ಲ. ಮುಂದೆ ಹಾಲುದವಡೆಹಲ್ಲು ಬಿದ್ದಾಗ ಕೆಳಗಿನ ಹಲ್ಲು ಆ ಉಳಿಕೆ ಜಾಗಕ್ಕೆ ಮೇಲಿನದಕ್ಕಿಂತ ಹೆಚ್ಚು ಸರಿಯುತ್ತದೆ, ಕೆಳದವಡೆಯೂ ಮುಂದಕ್ಕೆ ಬೆಳೆಯುತ್ತದೆ. ಕ್ಲಾಸ್ 1 ಹಾಗೆ ಕೂಡಿಬರುತ್ತದೆ.

## ಕಾದು ನೋಡಬಹುದಾದವು

ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ, ನಾಲಿಗೆಯ ಕಡೆ, ಹೊಸ ಹಲ್ಲು ಇಣುಕುವುದು ತೀರ ಸಾಮಾನ್ಯ. ಶಾಶ್ವತ ಬಾಚಿಹಲ್ಲಿನ ಮೊಗ್ಗು ಇರುವುದೇ ಹಾಲುಹಲ್ಲಿನ ಬೇರಿನ ಒಳಮಗ್ಗುಲಲ್ಲಿ. ಹಾಲುಹಲ್ಲು ಅಲುಗಾಡುತ್ತಿದ್ದರೆ ಮಗುವೇ ನಾಲಿಗೆಯಿಂದ, ಬೆರಳಿನಿಂದ ಆಡಿಸಿ ಬೀಳಿಸಲಿ. ಅದು ಹೋದ ಮೇಲೆ ನಾಲಿಗೆಯ ಒತ್ತಡವೇ ಹೊಸ ಹಲ್ಲನ್ನು ಮುಂದಕ್ಕೆ ತರುತ್ತದೆ. ಹೊಸ ಹಲ್ಲು ಅರ್ಧ ಬಂದರೂ ಹಳೆಯದು ಅಲುಗದೆ ಬಿಗಿಯಾಗಿದ್ದರೆ ಕೀಳಿಸಬೇಕಾಗುತ್ತದೆ. ಮೇಲಿನ ಬಾಚಿಹಲ್ಲು ಅಂಗುಳದ ಕಡೆ ಬಂದರೆ ಮಾತ್ರ ಕಾಯಬಾರದು. ಅದು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿದುಬಿಡುತ್ತದೆ.

ಎಂಟರಿಂದ ಹನ್ನೊಂದರವರೆಗೆ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದಿ ಬಿಟ್ಟು, ಹಲ್ಲುಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹೊರಕ್ಕೆ ವಾಲಿರುವುದುಂಟು. ಮೇಲೆ ಒಸಡಿನೊಳಗೆ ಇಳಿಯುತ್ತಿರುವ ಕೋರೆಹಲ್ಲು ಪಕ್ಕದ ಬಾಚಿಹಲ್ಲಿನ ಬೇರನ್ನು ಒಳಕ್ಕೆ ಒತ್ತುತ್ತಿರುತ್ತದೆ, ಹಾಗಾಗಿ ತುದಿ ಹೊರಕ್ಕೆ ತಿರುಗುತ್ತದೆ. ಕೋರೆಹಲ್ಲು ಕೆಳಗಿಳಿದಂತೆ ಒತ್ತಡ ಬೇರಿನಿಂದ ತುದಿಗೆ ಬಂದು ಸಂದಿ ಮುಚ್ಚುತ್ತದೆ. 2 ಮಿ.ಮೀ.ವರೆಗಿನ ಸಂದಿ ಹೀಗೆ ಮುಚ್ಚುವ ಸಂಭವ ಚೆನ್ನಾಗಿದೆ. ಈ ಹಂತದಲ್ಲಿ ಅವಸರಪಟ್ಟು ಹಲ್ಲನ್ನು ನೇರ ಮಾಡಹೋದರೆ ಬೇರು ಕೋರೆಹಲ್ಲಿಗೆ ಒತ್ತಿ ಕರಗುವ ಅಪಾಯ. ಹಾಲುಹಲ್ಲಿನ ಪಕ್ಕದಲ್ಲಿ ಹೊಸ ಹಲ್ಲು ಹಳದಿಯಾಗಿ, ಅಂಚು ಗರಗಸದಂತೆ ಕಾಣುವುದೂ ಸಹಜವೇ.

## ಹಾಲುಹಲ್ಲು ಬೇಗ ಹೋದರೆ

ಉದ್ದನೆಯ ಬೆಂಚಿನ ಮೇಲೆ ಒತ್ತಾಗಿ ಕೂತವರ ನಡುವಿನಿಂದ ಒಬ್ಬರು ಎದ್ದುಹೋದರೆ ಪಕ್ಕದವರು ತಿಳಿಯದೆಯೇ ಸರಿದು ಹರಡಿಕೊಳ್ಳುತ್ತಾರೆ. ಬರಬೇಕಾದವರು ಬಂದಾಗ ಜಾಗವಿರುವುದಿಲ್ಲ. ಆರನೇ ಹಲ್ಲಿಗೆ ಸದಾ ಮುಂದಕ್ಕೆ ಸರಿಯುವ ಸ್ವಭಾವ. ಅದನ್ನು ತಡೆದು ನಿಲ್ಲಿಸಿರುವುದು ಎರಡನೇ ಹಾಲುದವಡೆಹಲ್ಲು. ಅದು ಬೀಳುವ ಸರಿಯಾದ ವಯಸ್ಸು ಹತ್ತರಿಂದ ಹನ್ನೆರಡು. ಏಳಕ್ಕೇ ಕೀಳಿಸಿದರೆ ಆರನೇ ಹಲ್ಲು ವಾಲುತ್ತ, ತಿರುಗುತ್ತ ಮುಂದೆ ಬರುತ್ತದೆ. ಜಾಗ ಹೋಗುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. "ಆಮೇಲೆ ನೋಡೋಣ" ಅಂದವರಿಗೆ ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ಕೀಳಿಸದಿದ್ದರೂ ಜಾಗ ಕಳೆಯಬಹುದು. ಎರಡು ಹಾಲುದವಡೆಹಲ್ಲುಗಳು ತಾಗುವ ಸಂದಿನಲ್ಲಿ ಹುಳುಕು ಹಿಡಿದು ಗೋಡೆ ಕುಸಿದರೆ ಹಿಂದಿನ ಹಲ್ಲು ಅಷ್ಟು ಮುಂದಕ್ಕೆ ಜಾರುತ್ತದೆ. ಆದ್ದರಿಂದಲೇ ವೈದ್ಯರು ಹಾಲುಹಲ್ಲಿನ ಒಳಗಿನ ಕೆಟ್ಟ ತಿರುಳನ್ನು ತೆಗೆದು, ಔಷಧಿ ತುಂಬಿ, ಮೇಲೆ ಸ್ಟೀಲಿನ ಕ್ಯಾಪ್ ಹಾಕುತ್ತಾರೆ. ಕ್ಯಾಪ್ ಹಲ್ಲಿನ ಮೊದಲಿನ ಅಗಲವನ್ನು ಮರಳಿ ಕೊಡುತ್ತದೆ, ಹಲ್ಲು ಬೀಳುವಾಗ ಜೊತೆಗೇ ಬೀಳುತ್ತದೆ.

ಹಲ್ಲು ಉಳಿಸಲಾಗದಿದ್ದರೆ ಸ್ಪೇಸ್ ಮೇಂಟೇನರ್, ಅಂದರೆ ಖಾಲಿ ಜಾಗ ಕಾಯುವ ಸಾಧನ. ಒಂದೇ ಹಲ್ಲು ಹೋಗಿದ್ದರೆ ಹಿಂದಿನ ಹಲ್ಲಿಗೆ ಸ್ಟೀಲಿನ ಪಟ್ಟಿ ಅಂಟಿಸಿ, ಅದರಿಂದ ಹೊರಟ ತಂತಿಯ ಕುಣಿಕೆಯನ್ನು ಮುಂದಿನ ಹಲ್ಲಿಗೆ ಆನಿಸುತ್ತಾರೆ. ಕೆಳಗೆ ಎರಡೂ ಪಕ್ಕ ಹೋಗಿದ್ದರೆ ಎರಡು ಆರನೇ ಹಲ್ಲುಗಳನ್ನು ನಾಲಿಗೆಯ ಕಡೆಯಿಂದ ಒಂದೇ ತಂತಿಯಲ್ಲಿ ಜೋಡಿಸುವುದುಂಟು. ಆದರೆ ಕೆಳಗಿನ ಶಾಶ್ವತ ಬಾಚಿಹಲ್ಲುಗಳು ಬಂದಿರಬೇಕು. ಇಲ್ಲವಾದರೆ ಹಿಂದಿನಿಂದ ಹುಟ್ಟುವ ಆ ಹಲ್ಲುಗಳಿಗೆ ಅದೇ ತಂತಿ ಅಡ್ಡಿ. ಆರನೇ ಹಲ್ಲು ಬರುವ ಮೊದಲೇ ಎರಡನೇ ಹಾಲುದವಡೆಹಲ್ಲು ಹೋದದ್ದು ಎಲ್ಲಕ್ಕಿಂತ ತೊಡಕಿನ ಸ್ಥಿತಿ. ಆಗ ಒಸಡಿನೊಳಕ್ಕೆ ಇಳಿಯುವ ಲೋಹದ ಅಲಗೊಂದು ಬರಲಿರುವ ಹಲ್ಲಿಗೆ ದಾರಿ ತೋರಬೇಕಾಗುತ್ತದೆ.

ಹಾಕಿಸಿ ಮರೆತರೆ ಇದರಿಂದಲೇ ಹಾನಿ. ಸಿಮೆಂಟ್ ಕರಗಿ ಪಟ್ಟಿ ಸಡಿಲಾದರೆ ಅದರಡಿಯಲ್ಲಿ ಆಹಾರ ಸೇರಿ ಹುಳುಕು ಹಿಡಿಯುತ್ತದೆ. ಕುಣಿಕೆ ಬಾಗಿದರೆ ಒಸಡಿನೊಳಗೆ ಹೂತುಕೊಳ್ಳುತ್ತದೆ. ಅಂಟು ತಿನಿಸು, ತಂತಿಯನ್ನು ಬೆರಳಿನಿಂದ ಎಳೆದಾಡುವುದು ಎರಡೂ ಬೇಡ. ಆರು ತಿಂಗಳಿಗೊಮ್ಮೆ ತೋರಿಸಿ, ಅಡಿಯ ಹಲ್ಲು ಒಸಡು ಸೀಳಿ ಬಂದ ಕೂಡಲೇ ತೆಗೆಸಬೇಕು. ಎಲ್ಲರಿಗೂ ಇದು ಬೇಕೆಂದಿಲ್ಲ: ಎಕ್ಸ್-ರೇಯಲ್ಲಿ ಶಾಶ್ವತ ಹಲ್ಲಿನ ಬೇರು ಮೂರರಲ್ಲೆರಡು ಪಾಲು ಬೆಳೆದು, ಮೇಲೆ ಮೂಳೆ ಉಳಿದಿಲ್ಲವಾದರೆ ಹಲ್ಲು ಬೇಗ ಬರುತ್ತದೆ. ಮೂಳೆ ಇನ್ನೂ ಇದ್ದರೆ ಪ್ರತಿ ಮಿ.ಮೀ.ಗೆ 4ರಿಂದ 6 ತಿಂಗಳು ಹಿಡಿಯುತ್ತದೆ ಎಂಬುದು ರೂಢಿಯ ಅಂದಾಜು. ಹಾಲುಕೋರೆಹಲ್ಲು ಬಂದ ಮೇಲೆ ಹೋದ ಮುಂದಿನ ಹಾಲುಬಾಚಿಹಲ್ಲಿಗೂ ಸಾಮಾನ್ಯವಾಗಿ ಜಾಗ ಕಾಯಬೇಕಿಲ್ಲ.

## ಬೈಟ್‌ನಲ್ಲಿ ವೈದ್ಯರು ನೋಡುವುದು

ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 2–3 ಮಿ.ಮೀ. ಮುಂದಿರಬೇಕು, ಅದರ ಎತ್ತರದ ಮೂರನೇ ಒಂದು ಭಾಗದಷ್ಟನ್ನು ಮುಚ್ಚಬೇಕು. ತೀರ ಮುಂದಿರುವ ಉಬ್ಬುಹಲ್ಲಿಗೆ ಅಂದಕ್ಕಿಂತ ದೊಡ್ಡ ತೊಂದರೆ ಪೆಟ್ಟಿನದು: ಬಿದ್ದಾಗ ತುಟಿಯ ಆಸರೆಯಿಲ್ಲದೆ ಮೊದಲು ಒಡೆಯುವುದು ಅದೇ.

ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುವುದಕ್ಕೆ ಕ್ರಾಸ್‌ಬೈಟ್ ಎನ್ನುತ್ತಾರೆ. ಇದು ಕಾಯಬಾರದ ಪಟ್ಟಿಯಲ್ಲಿದೆ. ಮುಂದಿನ ಒಂದೇ ಹಲ್ಲಿನಲ್ಲಿದ್ದರೂ ಎದುರಿನ ಕೆಳಹಲ್ಲು ಪ್ರತಿ ಸಲ ಹೊರಕ್ಕೆ ತಳ್ಳಿಸಿಕೊಂಡು ಅದರ ಒಸಡು ಇಳಿಯುತ್ತದೆ. ಹಿಂದಿನ ಹಲ್ಲುಗಳಲ್ಲಿದ್ದರೆ ವೈದ್ಯರು ಮಗುವಿಗೆ ನಿಧಾನವಾಗಿ ಬಾಯಿ ಮುಚ್ಚಲು ಹೇಳಿ ಗಲ್ಲವನ್ನು ಗಮನಿಸುತ್ತಾರೆ. ಬಾಯಿ ತೆರೆದಾಗ ಮೇಲಿನ ಕೆಳಗಿನ ನಡುಗೆರೆ ಒಂದೇ ನೇರದಲ್ಲಿದ್ದು, ಹಲ್ಲು ಕೂಡುವ ಕೊನೆಯ ಕ್ಷಣದಲ್ಲಿ ದವಡೆ ಒಂದು ಪಕ್ಕಕ್ಕೆ ಜಾರಿದರೆ, ಮೇಲಿನ ಕಮಾನು ಕಿರಿದಾಗಿದೆ ಎಂದರ್ಥ. ಬೆಳೆಯುವ ಮಗು ವರ್ಷಗಟ್ಟಲೆ ಹೀಗೆ ಓರೆಯಾಗಿ ಕಚ್ಚಿದರೆ ದವಡೆಯೂ ಓರೆಯಾಗಿ ಬೆಳೆದೀತು. ಅಂಗುಳದ ನಡುವಿನ ಮೂಳೆಯ ಬೆಸುಗೆ ಹದಿಹರೆಯಕ್ಕೆ ಮೊದಲು ಸಡಿಲ; ಸ್ಕ್ರೂ ಇರುವ ಸಾಧನದಿಂದ ಸುಲಭವಾಗಿ ಅಗಲಿಸಬಹುದು.

ಬೆರಳು ಚೀಪುವುದು ಮೂರು ನಾಲ್ಕು ವರ್ಷದವರೆಗೆ ಚಿಂತೆಯ ವಿಷಯವಲ್ಲ. ಹಲ್ಲನ್ನು ಸರಿಸುವುದು ಒತ್ತಡದ ಜೋರಿಗಿಂತ ಅದು ಎಷ್ಟು ಹೊತ್ತು ಇರುತ್ತದೆ ಎಂಬುದು. ಆಗೊಮ್ಮೆ ಈಗೊಮ್ಮೆ ಜೋರಾಗಿ ಚೀಪುವ ಮಗುವಿಗಿಂತ ರಾತ್ರಿಯಿಡೀ ಬೆರಳು ಬಾಯಲ್ಲಿಟ್ಟು ಮಲಗುವ ಮಗುವಿಗೆ ಹೆಚ್ಚು ಹಾನಿ. ಬೆರಳು ಮೇಲಿನ ಹಲ್ಲನ್ನು ಮುಂದಕ್ಕೂ ಕೆಳಗಿನದನ್ನು ಹಿಂದಕ್ಕೂ ದೂಡುತ್ತದೆ, ಮುಂದೆ ಹಲ್ಲು ಕೂಡದ ಓಪನ್ ಬೈಟ್ ಉಂಟಾಗುತ್ತದೆ. ನಾಲಿಗೆ ಕೆಳಗಿಳಿದಿರುವುದರಿಂದ ಕೆನ್ನೆಯ ಒತ್ತಡಕ್ಕೆ ಒಳಗಿನಿಂದ ಎದುರಿಲ್ಲದೆ ಮೇಲಿನ ಕಮಾನು ಕಿರಿದಾಗುತ್ತದೆ. ಶಾಶ್ವತ ಬಾಚಿಹಲ್ಲು ಬರುವ ಮೊದಲು ಬಿಟ್ಟರೆ ಓಪನ್ ಬೈಟ್ ಬಹುಮಟ್ಟಿಗೆ ತಾನೇ ಮುಚ್ಚುತ್ತದೆ; ಕಿರಿದಾದ ಕಮಾನು ಅಷ್ಟು ಸುಲಭವಾಗಿ ಹಿಗ್ಗುವುದಿಲ್ಲ. ಸದಾ ಬಾಯಲ್ಲೇ ಉಸಿರಾಡುವ, ಗೊರಕೆ ಹೊಡೆಯುವ ಮಗುವನ್ನು ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

## ಹತ್ತನೇ ವಯಸ್ಸಿನ ಬೆರಳು ಪರೀಕ್ಷೆ

ಮೇಲಿನ ಕೋರೆಹಲ್ಲು ಹುಟ್ಟುವುದು ತೀರ ಎತ್ತರದಲ್ಲಿ, ಮೂಗಿನ ಪಕ್ಕ. ಬಾಯಿಗೆ ಬರುವಷ್ಟರಲ್ಲಿ ಅದು ಎಲ್ಲಕ್ಕಿಂತ ಉದ್ದದ ದಾರಿ ಸವೆಸಿರುತ್ತದೆ, ಪಕ್ಕದ ಬಾಚಿಹಲ್ಲಿನ ಬೇರನ್ನು ಹಿಡಿದು ಜಾರುತ್ತ ಇಳಿಯುತ್ತದೆ. ಆ ಬಾಚಿಹಲ್ಲು ಹುಟ್ಟಿನಿಂದ ಇಲ್ಲದಿದ್ದರೆ ಅಥವಾ ತೀರ ಪುಟ್ಟದಾಗಿದ್ದರೆ ದಾರಿ ತಪ್ಪುವ ಸಂಭವ ಹೆಚ್ಚು. ನೂರರಲ್ಲಿ ಸುಮಾರು ಇಬ್ಬರಿಗೆ ಅದು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಒಂಬತ್ತು ಹತ್ತರ ಹೊತ್ತಿಗೆ ದಂತವೈದ್ಯರು ಹಾಲುಕೋರೆಹಲ್ಲಿನ ಮೇಲೆ, ತುಟಿ ಮತ್ತು ಒಸಡು ಸೇರುವ ಮಡಿಕೆಯಲ್ಲಿ ಬೆರಳಾಡಿಸಿ ನೋಡುತ್ತಾರೆ. ಗೋಲಿಯಂಥ ಉಬ್ಬು ಎರಡೂ ಕಡೆ ಸಿಕ್ಕರೆ ಸರಿ. ಒಂದೇ ಕಡೆ ಸಿಕ್ಕರೆ, ಅಥವಾ ಅಂಗುಳದ ಕಡೆ ಸಿಕ್ಕರೆ ಎಕ್ಸ್-ರೇ ಬೇಕು. ಈ ಹಂತದಲ್ಲಿ ಗೊತ್ತಾದರೆ ಬರಿಯ ಹಾಲುಕೋರೆಹಲ್ಲನ್ನು ಕಿತ್ತರೂ ಎಷ್ಟೋ ಮಕ್ಕಳಲ್ಲಿ ಒಳಗಿನ ಹಲ್ಲು ದಾರಿಗೆ ಬರುತ್ತದೆ. ಹದಿನಾಲ್ಕಕ್ಕೆ ಗೊತ್ತಾದರೆ ಒಸಡು ಬಿಡಿಸಿ, ಹಲ್ಲಿಗೆ ಕೊಂಡಿ ಅಂಟಿಸಿ, ತಿಂಗಳುಗಟ್ಟಲೆ ಎಳೆಯಬೇಕು. ನೋಡದೆ ಬಿಟ್ಟರೆ ಕೆಲವೊಮ್ಮೆ ಅದು ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸುತ್ತದೆ, ಅದೂ ಚೂರೂ ನೋವಿಲ್ಲದೆ. ಸುಲಭವೂ ಅಗ್ಗವೂ ಆದ ಈ ಬೆರಳು ಪರೀಕ್ಷೆಯನ್ನೇ ಜನ ತಪ್ಪಿಸಿಕೊಳ್ಳುವುದು ಹೆಚ್ಚು, ಏಕೆಂದರೆ ಆ ವಯಸ್ಸಿನಲ್ಲಿ ಬಾಯಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ.

## ಕ್ಲಿಪ್ ಯಾವಾಗ

ಮೊದಲ ಹುಟ್ಟುಹಬ್ಬದೊಳಗೆ ದಂತವೈದ್ಯರಿಗೆ ಒಮ್ಮೆ ತೋರಿಸಬೇಕೆಂದು ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯೂ, ಏಳನೇ ವರ್ಷದೊಳಗೆ ಬೈಟ್ ಪರೀಕ್ಷೆಯಾಗಬೇಕೆಂದು ಅಲ್ಲಿನ ಆರ್ಥೊಡಾಂಟಿಸ್ಟರ (ಹಲ್ಲುಸಾಲು ನೇರ ಮಾಡುವ ತಜ್ಞರ) ಸಂಘವೂ ಹೇಳುತ್ತವೆ. ಏಳಕ್ಕೆ ತೋರಿಸುವುದೆಂದರೆ ಏಳಕ್ಕೇ ಕ್ಲಿಪ್ ಹಾಕಿಸುವುದೆಂದಲ್ಲ. ಹೆಚ್ಚಿನ ಮಕ್ಕಳಿಗೆ ಆ ಪರೀಕ್ಷೆಯ ಫಲಿತಾಂಶ "ಆರು ತಿಂಗಳು ಬಿಟ್ಟು ಬನ್ನಿ" ಎಂದಷ್ಟೇ ಇರುತ್ತದೆ.

ಬೇಗ ಶುರುಮಾಡಬೇಕಾದದ್ದು ಕ್ರಾಸ್‌ಬೈಟ್, ಬಿಡದ ಬೆರಳಿನ ಚಟ, ಮತ್ತು ಮೇಲ್ದವಡೆ ಹಿಂದುಳಿದ ಕ್ಲಾಸ್ 3. ಕೊನೆಯದಕ್ಕೆ ಮುಖದ ಹೊರಗಿನಿಂದ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಮಾಸ್ಕ್ ಹತ್ತು ವರ್ಷದೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳದವಡೆ ಹಿಂದಿರುವ ಕ್ಲಾಸ್ 2ಕ್ಕೆ ಎತ್ತರ ಸರ್ರನೆ ಏರುವ ಕಾಲವೇ ಒಳ್ಳೆಯದು, ಸರಾಸರಿ ಹುಡುಗಿಯರಿಗೆ ಹನ್ನೆರಡು, ಹುಡುಗರಿಗೆ ಹದಿನಾಲ್ಕರ ಸುಮಾರು. ಬರಿಯ ಇಕ್ಕಟ್ಟಾದರೆ ಶಾಶ್ವತ ಹಲ್ಲುಗಳೆಲ್ಲ ಬಂದ ಮೇಲೆ ಒಂದೇ ಸಲ ಮಾಡಿಸಿದರೆ ಸಾಕು.

ಚಿಕಿತ್ಸೆ ಮುಗಿದ ಮೇಲೂ, ಕ್ಲಿಪ್ಪೇ ಹಾಕಿಸದವರಲ್ಲೂ, ಹದಿಹರೆಯದ ಕೊನೆಯಲ್ಲಿ ಕೆಳಗಿನ ಮುಂದಿನ ಹಲ್ಲು ಸ್ವಲ್ಪ ಇಕ್ಕಟ್ಟಾಗುವುದುಂಟು. ಬುದ್ಧಿಹಲ್ಲು ತಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಆದರೆ ಹುಟ್ಟಿನಿಂದಲೇ ಬುದ್ಧಿಹಲ್ಲು ಇಲ್ಲದವರಲ್ಲೂ ಹೀಗಾಗುತ್ತದೆ. ಕಾರಣಗಳಲ್ಲೊಂದು ಕೆಳದವಡೆಯ ಬೆಳವಣಿಗೆ ಮೇಲ್ದವಡೆಯದಕ್ಕಿಂತ ತಡವಾಗಿ ನಿಲ್ಲುವುದು. ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಕೊಡುವ ರಿಟೇನರನ್ನು ವರ್ಷಾನುಗಟ್ಟಲೆ ರಾತ್ರಿ ಹೊತ್ತು ಹಾಕಿಕೊಳ್ಳಲು ಹೇಳುವುದು ಇದಕ್ಕೇ.